ಬಾಂಬರ್ ಅಂಟಿಸುತ್ತಿದ್ದ ಕೋಣೆ

1984ರಲ್ಲಿ ನಾನು ತಮಿಳುನಾಡಿನ ಪಲ್ಲಡಂನಲ್ಲಿ ಸಣ್ಣ ಕ್ಲಿನಿಕ್ ನಡೆಸುತ್ತಿದ್ದೆ. ಊರು ತುಂಬ ಪವರ್‌ಲೂಮ್. ಕೆಮ್ಮು ಎಂದವರಿಗೆಲ್ಲ ಹತ್ತಿಯ ಧೂಳೇ ಕಾರಣ ಎನ್ನುವುದು ನನಗೆ ಅಭ್ಯಾಸವಾಗಿತ್ತು.

ಮಾರ್ಚ್‌ನಲ್ಲಿ ರಂಗಸಾಮಿ ಎಂಬವರು ಕೆಮ್ಮೆಂದು ಬಂದರು. ವಯಸ್ಸು ಮೂವತ್ನಾಲ್ಕು, ಮನೆಮಾತು ಕನ್ನಡ. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಬಟ್ಟೆಯ ಎಣ್ಣೆ ಕಲೆ ತೆಗೆಯುವ ಕೆಲಸ. ಮನೆಯ ಮುಂಭಾಗದಲ್ಲಿ ಅಣ್ಣನ ಮಗ್ಗಗಳು. ಹಿಂದಿನ ಕೋಣೆಯಲ್ಲಿ ಇವರು ಹಳೆಯ ಯುದ್ಧವಿಮಾನ, ಟ್ಯಾಂಕ್‌ಗಳ ಪುಟ್ಟ ಮಾದರಿಯ ಪ್ಲಾಸ್ಟಿಕ್ ಕಿಟ್ ಜೋಡಿಸುತ್ತಿದ್ದರು. ಕಿಟ್‌ಗಳು ಸಿಂಗಪುರದ ಭಾವನಿಂದ ಬರುತ್ತಿದ್ದವು.

"ಇವ್ರು ಕಟ್ಕೊಂಡಿದ್ದು ನನ್ನಲ್ಲ ಡಾಕ್ಟ್ರೇ, ಏರೋಪ್ಲೇನ್‌ನ," ಎಂದರು ಹೆಂಡತಿ ಸರಸು.

"ಅದು ಎದುರು ಮಾತಾಡಲ್ಲ," ಎಂದು ನಕ್ಕು ಅವರು ನನ್ನತ್ತ ತಿರುಗಿದರು. "ಮಗ್ಗದ ಹತ್ತಿ ಪಂಜು ಹಾರಿ ಬಂದು ಹಸಿ ಪೇಂಟ್ ಮೇಲೂ ಕೂರ್ತದೆ ಸಾರ್. ರೆಕ್ಕೆಗೆ ಮೀಸೆ ಬಂದಂಗೆ."

"ಹಾಗಾದರೆ ಬಾಗಿಲು ಮುಚ್ಚಿಕೊಂಡು ಕೂತ್ಕೊಳ್ಳಿ," ಎಂದೆ.

ಮೂರು ವಾರದ ನಂತರ ವಾಂತಿಯೆಂದು ಬಂದರು. ಕಣ್ಣು ಹಳದಿಯಾಗಿತ್ತು. ಕೆಟ್ಟ ನೀರಿನಿಂದ ಊರಲ್ಲಿ ಕಾಮಾಲೆ ಹರಡಿದ್ದ ಸಮಯ. ಅದೇ ಎಂದು ಬರೆದೆ. ಮನೆಯಲ್ಲೇ ವಿಶ್ರಾಂತಿ ಎಂದೂ ಸೇರಿಸಿದೆ.

"ಲೀವ್ ಸಿಕ್ತು. ಬಾಂಬರ್ ಮುಗಿಸ್ಬಿಡ್ತೀನಿ," ಎಂದರು.

ಐದನೆಯ ದಿನ ಸರಸು ಒಬ್ಬರೇ ಬಂದರು. "ನಿನ್ನೆಯಿಂದ ಮೂತ್ರ ಹೋಗಿಲ್ಲ ಸಾರ್."

ಜೊತೆಗೇ ಹೋದೆ. ರೋಗಿ ಹಿಂದಿನ ಕೋಣೆಯಲ್ಲೇ ಮಲಗಿದ್ದರು. ಸಿಹಿಯಾದ, ತಲೆ ಸುತ್ತಿಸುವ ವಾಸನೆ. ಮೇಜಿನ ಮೇಲೆ ನಿಜ ವಿಮಾನದ ಎಪ್ಪತ್ತೆರಡರಲ್ಲಿ ಒಂದು ಪಾಲು ಅಳತೆಯ ಬಾಂಬರ್, ಪಕ್ಕದಲ್ಲಿ ಲೇಬಲ್ ಇಲ್ಲದ ಬಾಟಲಿ. ಕಿಟ್‌ನ ಅಂಟು ಒಣಗಿಹೋಗಿದ್ದರಿಂದ ಅವರು ಕಂಪನಿಯ ಕಲೆ ತೆಗೆಯುವ ದ್ರವವನ್ನೇ ತಂದು, ಅದರಿಂದ ಪ್ಲಾಸ್ಟಿಕ್ಕಿನ ಅಂಚು ಕರಗಿಸಿ ಕೂಡಿಸುತ್ತಿದ್ದರು. ಅದು ಕಾರ್ಬನ್ ಟೆಟ್ರಾಕ್ಲೋರೈಡ್. ಅದರ ಆವಿ ಉಸಿರಿನಲ್ಲಿ ಸೇರಿದರೆ ಯಕೃತ್ತನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ.

ಕಿಟಕಿಯ ಸಂದುಗಳಲ್ಲಿ ಬಟ್ಟೆ ತುರುಕಿತ್ತು. ನಾನು ನೋಡುತ್ತಿದ್ದುದನ್ನು ಕಂಡು ಸರಸು ಹೇಳಿದರು: "ನನ್ನ ಹಳೆ ಸೀರೆ ಹರಿದು ತುರುಕಿದ್ರು. ಪಂಜು ಬರ್ಬಾರ್ದು ಅಂತ ನೀವೇ ಹೇಳಿದ್ರಲ್ಲ."

ಕೂಡಲೇ ಕಾರು ಮಾಡಿ ಕೊಯಮತ್ತೂರಿಗೆ ಕರೆದೊಯ್ದೆವು. ಮೂತ್ರಪಿಂಡಗಳು ಚೇತರಿಸಿಕೊಳ್ಳಲಿಲ್ಲ. ನಾಲ್ಕನೆಯ ದಿನ ತೀರಿಕೊಂಡರು.

ಅಂದಿನಿಂದ ಪ್ರತಿ ರೋಗಿಯನ್ನೂ ಕೇಳುತ್ತಿದ್ದೆ: ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ಏನು ಮಾಡುತ್ತೀರಿ, ಯಾವ ಕೋಣೆಯಲ್ಲಿ, ಯಾವ ಬಾಟಲಿ ತೆರೆಯುತ್ತೀರಿ? ಅರ್ಧ ನಿಮಿಷದ ಪ್ರಶ್ನೆ. ರಂಗಸಾಮಿ ಎರಡು ಸಲ ನನ್ನೆದುರು ಕೂತಿದ್ದರು. ಯಾವ ಬಾಟಲಿ ಎಂದು ಎರಡು ಸಲವೂ ಕೇಳಿರಲಿಲ್ಲ.

ಹದಿನಾರನೆಯ ದಿನದ ಕಾರ್ಯ ಕಳೆದು ಸರಸು ಕ್ಲಿನಿಕ್‌ಗೆ ಬಂದಿದ್ದರು. "ನಾನು ನೀರು ಸರಿಯಾಗಿ ಕಾಯಿಸ್ಲಿಲ್ವಾ ಸಾರ್? ಅದಕ್ಕೇ ಹಂಗಾಯ್ತಾ?"

"ನಿಮ್ಮ ತಪ್ಪೇನೂ ಇಲ್ಲಮ್ಮ," ಎಂದೆ.

ಹಾಗಾದರೆ ಯಾರದು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.