ಮಿಸ್ತ್ರಿಗೆ ಕೇಳದ ಟಿಕ್ ಟಿಕ್

“ಎಣ್ಣಿ ತೆಳುವಾಗಿತ್ತರಿ. ದಪ್ಪಂದು ಹಾಕೇನಿ. ಈಗ ಟಿಕ್ ಟಿಕ್ ನಿಂತೈತಿ, ಕೇಳ್ರಿ,” ಎಂದರು ಕೇಶ್ವಾಪುರದ ಮುದುಕ ಮಿಸ್ತ್ರಿ. ನನ್ನ ಬಾಡಿಗೆ ಮೋಟಾರಿನ ಇಂಜಿನ್ನು ಮಾತ್ರ ಮೊದಲಿನಷ್ಟೇ ಜೋರಾಗಿ ಟಿಕ್ಕೆನ್ನುತ್ತಿತ್ತು. ಯುದ್ಧದ ಕಾಲ, ಎಲ್ಲಿಯೂ ಸಿಗದ ಒಳ್ಳೆ ಎಣ್ಣೆಯನ್ನು ನನಗಾಗಿ ಕೂಡಿಟ್ಟು ಸುರಿದಿದ್ದರು. ಬರೀ ಸಪ್ಪಳ ಕೇಳಿಯೇ ಯಾವ ವಾಲ್ವು ಸಡಿಲಾಗಿದೆಯೆಂದು ಹೇಳುತ್ತಿದ್ದ ಮನುಷ್ಯ. ಹಿಂದಿನಿಂದ ಎರಡು ಸಲ ಕೂಗಿದೆ, ತಿರುಗಲಿಲ್ಲ. ಬಾಗಿಲಲ್ಲಿದ್ದ ಅವರ ಹೆಂಡತಿ, ಹೇಳಬೇಡಿ ಎನ್ನುವಂತೆ ನನಗೆ ಕೈಮುಗಿದರು. ನಾನು ಮಿಸ್ತ್ರಿಯ ಎದುರಿಗೆ ಬಂದು, “ಖರೇ, ನಿಂತೈತ್ರಿ,” ಎಂದು ತಲೆಯಾಡಿಸಿದೆ. ಅವರ ಮುಖ ಅರಳಿತು.

ಅದೇ ವಾರ ಒಬ್ಬ ಲಾರಿ ಡ್ರೈವರ್ ಗಿರಾಕಿಗಳೆದುರೇ ಅವರನ್ನು “ಕಿವುಡಾ” ಎಂದು ಬೈದನಂತೆ. ಮಿಸ್ತ್ರಿ ಅಂಗಡಿ ಮುಚ್ಚಿ ಊರು ಬಿಟ್ಟರು. ಒಬ್ಬರೇ ಇದ್ದಾಗ, ಕೈಹಿಡಿದು ಕೂಡಿಸಿ, ನಾನೇ ಮೆಲ್ಲಗೆ ತಿಳಿಸಬಹುದಿತ್ತು. ತಿಳಿಸಲಿಲ್ಲ.