ಗುಡುಗು ಮಾಮನ ಡಬ್ಬ
ನಮ್ಮ ಮೇಲಿನ ಮಹಡಿಯವರನ್ನು ಬೀದಿಗೆ ಬೀದಿಯೇ ಗುಡುಗು ಮಾಮ ಎನ್ನುತ್ತದೆ. ಅವರ ಮನೆಯ ಹಾಲ್‌ನಲ್ಲಿರುವ ಎರಡು ಪುಟ್ಟ ಸ್ಪೀಕರುಗಳ ಜೊತೆಗೆ ಈಚೆಗೆ ದಪ್ಪ ದನಿಯನ್ನಷ್ಟೇ ಹೊರಡಿಸುವ, ಸ್ಟೂಲಿನಷ್ಟು ದೊಡ್ಡ ಸಬ್‌ವೂಫರ್ ಡಬ್ಬವೊಂದು ಸೇರಿಕೊಂಡಿದೆ. “ಮೂಲೆಗಿಡಿ ಸಾರ್, ಚೆನ್ನಾಗಿ ಗುದ್ದುತ್ತೆ” ಎಂದ ಅಂಗಡಿಯವನಿಗೆ, “ಮೂಲೆಗೆ ತಳ್ಳೋಕೆ ಇದೇನು ಪೊರಕೇನಾ?” ಎಂದು ಬಾಯಿ ಮುಚ್ಚಿಸಿದರು. ಡಬ್ಬವನ್ನು ತಾವು ಕೂರುವ ಸೋಫಾದ ಮೇಲೆ ಕೂರಿಸಿ, ಹಾಡು ಹಾಕಿ, ತಾವೇ ಕಿವಿಗೊಟ್ಟು ಗೋಡೆಯುದ್ದಕ್ಕೂ ಅಂಬೆಗಾಲಿಟ್ಟರು. ದಪ್ಪ ದನಿ ಹದವಾಗಿ ಕೇಳುವ ಕಡೆಯೇ ಡಬ್ಬದ ಜಾಗವಂತೆ. “ಹೇಗೂ ನೆಲದ ಮೇಲಿದ್ದೀರಿ, ಬಟ್ಟೆ ಕೊಡ್ತೀನಿ, ಒರೆಸಿಬಿಡಿ” ಎಂದರು ಅವರ ಹೆಂಡತಿ. ಕೊನೆಗೆ ಆ ಜಾಗ ಸಿಕ್ಕಿದ್ದು ಬಾಗಿಲ ದಾರಿಯಲ್ಲೇ. ಬಂದವರೆಲ್ಲ ಎಡವುತ್ತಾರೆ, ಮಾಮ ಒಂದಂಗುಲ ಜರುಗಿಸುವುದಿಲ್ಲ. ಎಡವಿದವರನ್ನೇ ಕೂರಿಸಿ, “ಕಣ್ಣು ಮುಚ್ಚಿ, ಸದ್ದು ಎಲ್ಲಿಂದ ಬರ್ತಿದೆ ತೋರಿಸಿ” ಎನ್ನುತ್ತಾರೆ. ಬೆರಳು ಡಬ್ಬದ ಕಡೆ ಹೋದರೆ ಮುಖ ಗಂಟಿಕ್ಕಿ, ಡಬ್ಬದ ಸದ್ದಿನ ತಿರುಪನ್ನು ಕೂದಲೆಳೆಯಷ್ಟು ತಗ್ಗಿಸಿ ಮತ್ತೆ ಮೊದಲಿಂದ. ಮೊನ್ನೆ ನನ್ನ ಬೆರಳು ಪುಟ್ಟ ಸ್ಪೀಕರುಗಳತ್ತ ಹೋದಾಗ ಕುಣಿದೇಬಿಟ್ಟರು. “ಇಷ್ಟೆಲ್ಲ ಒದ್ದಾಡಿ, ಡಬ್ಬ ಇರೋದೇ ಗೊತ್ತಾಗಲ್ವಲ್ಲ ಮಾಮ?” ಎಂದೆ. ಅವರು ಡಬ್ಬದ ಸ್ವಿಚ್ ಆರಿಸಿದರು. ಹಾಡು ನಡೆದೇ ಇತ್ತು, ಆದರೆ ಅದರ ಕಾಲಡಿಯ ನೆಲವನ್ನೇ ಯಾರೋ ಎಳೆದುಕೊಂಡಂತಾಯಿತು. “ಮೂವತ್ತು ವರ್ಷ ಮೆರವಣಿಗೆ ಬ್ಯಾಂಡಲ್ಲಿ ಹಿಂದಿನ ಸಾಲಲ್ಲಿ ನಿಂತು ದೊಡ್ಡ ಡ್ರಮ್ ಹೊಡೆದೋನು ನಾನು. ಒಬ್ರೂ ತಿರುಗಿ ನೋಡ್ಲಿಲ್ಲ. ಆದ್ರೆ ನಾನು ರಜಾ ಹಾಕಿದ ದಿನ ಒಬ್ಬನ ಹೆಜ್ಜೆನೂ ಸರಿಯಾಗಿ ಬೀಳ್ತಿರಲಿಲ್ಲ” ಎಂದರು ಮಾಮ.