ಏಂಜೆಲ್ ಶಾರ್ಕ್‌ನ ಊರು

೧೯೮೩ರಲ್ಲಿ ನಾನು ಬೆಂಗಳೂರಿನ ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಹಾವು, ಕಪ್ಪೆ, ಮೀನುಗಳನ್ನು ಕೊಳೆಯದಂತೆ ಫಾರ್ಮಲಿನ್ ತುಂಬಿದ ಜಾಡಿಗಳಲ್ಲಿಟ್ಟು ಕಾಲೇಜುಗಳಿಗೆ ಒದಗಿಸುವ ಸಣ್ಣ ಘಟಕ ಅದು. ಸುತ್ತಲೂ ಲೇತ್ ಯಂತ್ರಗಳ ಸದ್ದು. ಬಂದ ಪ್ರಾಣಿಯನ್ನು ಗುರುತಿಸಿ ಹೆಸರಿನ ಚೀಟಿ ಬರೆಯುವುದು ನನ್ನ ಹುದ್ದೆ. ಅದನ್ನು ಕೊಡಿಸಿದವರು ಎಂ.ಎಸ್ಸಿ.ಯಲ್ಲಿ ನನಗೆ ಪಾಠ ಹೇಳಿದ್ದ ನಾಗಭೂಷಣ ಮೇಷ್ಟ್ರು. ನಿವೃತ್ತರಾದ ಮೇಲೆ ಅವರೇ ಘಟಕದ ಸಲಹೆಗಾರರು.

ಫೆಬ್ರುವರಿಯ ಒಂದು ಬೆಳಿಗ್ಗೆ ಅವರು ಫಾರ್ಮಲಿನ್ ತುಂಬಿದ ಅಗಲವಾದ ತಗಡಿನ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟರು.

"ಹೋದ ವಾರ ಮಂಗಳೂರಿನ ದೋಣಿಗೆ ಸಿಕ್ಕಿದ್ದಮ್ಮ. ತೊರಕೆ ಅಂದ್ರು. ನೀನೇ ನೋಡಿ ಹೇಳು."

ಎಪ್ಪತ್ತೊಂದು ಸೆಂಟಿಮೀಟರ್ ಉದ್ದದ, ರೊಟ್ಟಿಯಂತೆ ಚಪ್ಪಟೆಯಾದ ಮೀನು. ಮೊದಲ ನೋಟಕ್ಕೆ ತೊರಕೆಯೇ, ಇಂಗ್ಲಿಷಿನವರು ರೇ ಎನ್ನುವ ಮೀನು. ಆದರೆ ತೊರಕೆಯ ಕಿವಿರು ಸೀಳುಗಳು ಹೊಟ್ಟೆಯ ಕಡೆ ಇರುತ್ತವೆ. ಇದಕ್ಕೆ ತಲೆಯ ಪಕ್ಕದಲ್ಲಿದ್ದವು. ತೊರಕೆಯ ಎದೆರೆಕ್ಕೆ ತಲೆಗೆ ಬೆಸೆದುಕೊಂಡಿರುತ್ತದೆ, ಇದರದು ಬಿಡಿಯಾಗಿತ್ತು. ಬಾಯಿ ಮೂತಿಯ ತುದಿಯಲ್ಲೇ ಇತ್ತು. ಎರಡು ದಿನ ಪುಸ್ತಕ ತಿರುವಿದೆ. ಇದು ಏಂಜೆಲ್ ಶಾರ್ಕ್. ಕಡಲ ತಳದ ಮರಳಲ್ಲಿ ಹೂತು ಮಲಗಿ, ಮೇಲೆ ಹಾದುಹೋಗುವ ಮೀನನ್ನು ಗಬಕ್ಕನೆ ಹಿಡಿಯುವ ಶಾರ್ಕ್. ಅದು ನಮ್ಮ ಕರಾವಳಿಯಲ್ಲಿ ಸಿಕ್ಕಿದೆ ಎಂದು ನಾನು ನೋಡಿದ ಯಾವ ಪುಸ್ತಕವೂ ಹೇಳಿರಲಿಲ್ಲ.

ಮೇಷ್ಟ್ರ ಕಣ್ಣು ತುಂಬಿತು. "ಲೇಖನ ಬರಿ. ನಿನ್ನ ಹೆಸರೇ ಮೊದಲು ಹಾಕು" ಅಂದರು. ಇಬ್ಬರ ಹೆಸರಿನಲ್ಲಿ ಬರೆದು ಸಂಶೋಧನಾ ಪತ್ರಿಕೆಯೊಂದಕ್ಕೆ ಕಳಿಸಿದೆ. ಪ್ರಕಟಿಸುತ್ತೇವೆಂದು ಉತ್ತರ ಬಂತು. ಟಿ. ದಾಸರಹಳ್ಳಿಯ ನಮ್ಮ ವಠಾರದಲ್ಲಿ ಅಪ್ಪ ಆ ಕಾಗದವನ್ನು ಮನೆಮನೆಗೂ ಓದಿ ಹೇಳಿದರು.

ಮರುವಾರ, ಜಾಡಿಗಳನ್ನು ತೊಳೆದು ದ್ರಾವಣ ಬದಲಿಸುವ ಮುನಿಯಮ್ಮ ಆ ಮೀನಿನ ಜಾಡಿಯ ಬಳಿಗೆ ನನ್ನನ್ನು ಕರೆದಳು.

"ಅಕ್ಕಾ, ಇದು ಒಸ ಮೀನಲ್ಲ ಕಣಕ್ಕ. ಒಸದಾದ್ರೆ ನೀರಿಗೆ ಬಣ್ಣ ಬಿಡ್ತದೆ. ಇದ್ರ ನೀರು ಬಂದಾಗಿಂದ್ಲೂ ಅಂಗೇ ಐತೆ, ಬಾವಿ ನೀರಿನಂಗೆ."

ಮೀನಿನ ಹೊಟ್ಟೆ ಕೊಯ್ದೆ. ಮಾಂಸ ಒಣಮರದಂತೆ ಗಡುಸು. ಈಲಿ, ಅಂದರೆ ಲಿವರ್, ಮುಟ್ಟಿದರೆ ಪುಡಿಯಾಯಿತು. ಫಾರ್ಮಲಿನ್‌ನಲ್ಲಿ ಅದು ವರ್ಷಗಟ್ಟಲೆ ಇದ್ದಿರಬೇಕು. ಮೊದಲ ದಿನವೇ ಆ ಬಿಗುವು ನನ್ನ ಕೈಗೆ ತಿಳಿದಿತ್ತು. ಮೇಷ್ಟ್ರು ಹೇಳಿದ್ದಾರಲ್ಲ ಎಂದು ಸುಮ್ಮನಾಗಿದ್ದೆ.

ಅಂದೇ ಮಧ್ಯಾಹ್ನ ಅವರ ಮನೆಗೆ ಹೋದೆ. ಅವರು ಮುಚ್ಚಿಡಲಿಲ್ಲ.

"ವಿದೇಶದ ಒಂದು ಕಾಲೇಜು ಹಳೇ ಮ್ಯೂಸಿಯಂ ಖಾಲಿ ಮಾಡ್ತು. ಅಲ್ಲಿಂದ ಗೆಳೆಯ ಕಳಿಸಿದ. ಮೂವತ್ತು ವರ್ಷ ಪಾಠ ಮಾಡಿದೆ ಕಣಮ್ಮ, ನನ್ನದು ಅಂತ ಒಂದು ಮೀನೂ ಇಲ್ಲ. ನೀನು ಗುರುತಿಸಿದ್ದು ಸುಳ್ಳಲ್ವಲ್ಲ?"

"ಮೀನು ಸುಳ್ಳಲ್ಲ ಮೇಷ್ಟ್ರೇ, ಊರು ಸುಳ್ಳು. ನನ್ನ ಹೆಸರು ಮೊದಲು ಹಾಕ್ಸಿದ್ದು ಯಾಕೆ?"

ಕೇಳುತ್ತಿದ್ದಂತೆ ಉತ್ತರ ನನಗೇ ಹೊಳೆಯಿತು. ನಾಳೆ ಸಿಕ್ಕಿಬಿದ್ದರೆ ತಪ್ಪು ಮೊದಲ ಹೆಸರಿನವರದು. ಅಷ್ಟು ದಿನ ಅದನ್ನು ನಾನು ಪ್ರೀತಿ ಎಂದುಕೊಂಡಿದ್ದೆ.

ಮರುದಿನವೇ ಕಾರಣ ಬರೆದು ಲೇಖನವನ್ನು ವಾಪಸು ಪಡೆದೆ. ಮೇಷ್ಟ್ರು ಘಟಕಕ್ಕೆ ಬರುವುದನ್ನು ನಿಲ್ಲಿಸಿದರು. "ದೊಡ್ಡೋರ ಮಾನ ಕಳೆದ್ಬಿಟ್ರಲ್ಲ ಮೇಡಂ" ಎಂದು ಮಾಲೀಕರು ತಿಂಗಳುಗಟ್ಟಲೆ ಮುಖ ಕೊಟ್ಟು ಮಾತಾಡಲಿಲ್ಲ. ಅಪ್ಪನಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಪ್ರಾಣಿಯ ಹೆಸರನ್ನು ಅದರ ಮೈ ನೋಡಿ ತಿಳಿಯಬಹುದು. ಊರು ತಂದುಕೊಟ್ಟವರ ಬಾಯಲ್ಲಿರುತ್ತದೆ. ಅವರು ಎಷ್ಟೇ ಹತ್ತಿರದವರಾದರೂ ಎಲ್ಲಿ, ಯಾವಾಗ, ಯಾರ ಬಲೆಗೆ ಎಂದು ಕೇಳಲೇಬೇಕು. ಇದನ್ನು ಕಲಿತ ಮೇಲೆ ನನ್ನ ಕೆಲಸ ಸಲೀಸಾಯಿತು. ಆದರೆ ಆ ಮನುಷ್ಯನನ್ನು ಮತ್ತೆ 'ಮೇಷ್ಟ್ರೇ' ಎಂದು ಕರೆಯಲು ನನ್ನಿಂದ ಆಗಲೇ ಇಲ್ಲ.